ಮೈ ತಿರುಗುವ ಹೊತ್ತು

ಯಮನೂರಪ್ಪನ ಮೀಸೆ ನಮ್ಮ ಊರಿನಲ್ಲೇ ದೊಡ್ಡದು. ಎದೆ ಅಗಲ, ಕತ್ತು ದಪ್ಪ, ಸೊಂಟಕ್ಕೆ ಬಿಗಿದ ಕೆಂಪು ವಸ್ತ್ರ ಬಿಟ್ಟರೆ ಮೈಮೇಲೆ ಒಂದು ಚಡ್ಡಿ. ಅಂಥವನು ಮಧ್ಯಾಹ್ನ ಇಳಿಯುವ ಹೊತ್ತಿಗೆ ಉಪ್ಪಿನ ಚೀಲದ ಮುಂದೆ ನಿಂತು, ಎಡಗೈಯಿಂದ ಇಲ್ಲದ ಸೆರಗನ್ನು ಎಳೆದು, ಉಡದ ಸೀರೆಯ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ. ಆಮೇಲೆ ಕಾಲಿನ ಹೆಬ್ಬೆರಳಿನಿಂದ ಚೀಲಕ್ಕೆ ಮೆಲ್ಲಗೆ ಒಂದು ಒದೆ ಕೊಟ್ಟು ಬಗ್ಗುತ್ತಿದ್ದ. ಪರವೂರಿನವರು ಯಾರಾದರೂ ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ನಮ್ಮವರು ನಗುತ್ತಿರಲಿಲ್ಲ. ಆ ಸೆರಗು ನನ್ನ ತಾಯಿಯದು ಎಂದು ಎಲ್ಲರಿಗೂ ಗೊತ್ತಿತ್ತು.

ನಮ್ಮ ಊರಿಗೆ ಉಪ್ಪು ದೋಣಿಯಲ್ಲಿ ಬರುತ್ತದೆ. ದೋಣಿಯಿಂದ ದಂಡೆಗೆ ಬಿದ್ದ ಚೀಲಗಳನ್ನು ನೆಲದಿಂದ ಎತ್ತಿ ಸೊಂಟದೆತ್ತರದ ಕಲ್ಲುಕಟ್ಟೆಯ ಮೇಲೆ ಇಡಬೇಕು. ಆಚೆ ಬದಿಯಿಂದ ಗಾಡಿಯವರು ಎಳೆದುಕೊಳ್ಳುತ್ತಾರೆ. ಬಗ್ಗುವುದು, ಎತ್ತುವುದು, ತಿರುಗಿ ಇಡುವುದು, ಮತ್ತೆ ಬಗ್ಗುವುದು. ಬೆಳಗಿನಿಂದ ಸಂಜೆಯವರೆಗೆ ಇಷ್ಟೇ ಕೆಲಸ. ಕಟ್ಟೆಯುದ್ದಕ್ಕೂ ಗಂಡಸರು ಹೆಂಗಸರು ಸಾಲಾಗಿ ನಿಲ್ಲುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಜಾಗ. ಅಲ್ಲೇ ಎದುರಿಗೆ ತಗಡಿನ ಛಾವಣಿಯ ಕೆಳಗೆ ನಾನು ದಬ್ಬಣ ಹಿಡಿದು ಹರಿದ ಚೀಲ ಹೊಲಿಯುತ್ತೇನೆ. ಹೊಲಿಯುವವಳ ಕಣ್ಣು ಹೊಲಿಗೆಯ ಮೇಲಿರಬೇಕು ಎಂದು ಮೇಸ್ತ್ರಿ ಗದಿಗೆಪ್ಪ ಆಗಾಗ ಗೊಣಗುತ್ತಾನೆ. ನನ್ನ ಕೈಗೆ ಕಣ್ಣು ಬೇಕಿಲ್ಲ. ಕಣ್ಣು ಸಾಲಿನ ಮೇಲೆಯೇ ಇರುತ್ತದೆ.

ಬೆಳಿಗ್ಗೆ ಎಲ್ಲರೂ ಚೆಂದ ಎತ್ತುತ್ತಾರೆ. ಮೊಣಕಾಲು ಮಡಿಸಿ ಕುಕ್ಕರಗಾಲಿನಲ್ಲಿ ಇಳಿದು, ಚೀಲವನ್ನು ಎದೆಗೆ ಅವಚಿಕೊಂಡು, ತೊಡೆಯ ಬಲದಿಂದ ಏಳುತ್ತಾರೆ. ತಿರುಗುವಾಗ ಹೆಜ್ಜೆ ಎತ್ತಿಟ್ಟು ತಿರುಗುತ್ತಾರೆ. ಬಿಸಿಲೇರಿದಂತೆ ಮೊಣಕಾಲಿಗೆ ಸೋಮಾರಿತನ ಬರುತ್ತದೆ. ಕಾಲು ಮಡಿಯುವುದು ಕಡಿಮೆಯಾಗಿ ಬೆನ್ನು ಬಗ್ಗುವುದು ಹೆಚ್ಚುತ್ತದೆ. ಎದೆಗೆ ಅಂಟಿಕೊಂಡಿದ್ದ ಚೀಲ ದೂರ ಸರಿಯುತ್ತದೆ. ಪಾದ ನೆಟ್ಟಲ್ಲೇ ನಿಂತು ಸೊಂಟವೊಂದೇ ತಿರುಗುತ್ತದೆ. ನಿಧಾನವಾಗಿ ಎತ್ತುತ್ತಿದ್ದವರು ಜಗ್ಗಿ, ಝಾಡಿಸಿ, ಕಟ್ಟೆಯ ಮೇಲೆ ಎಸೆದಂತೆ ಇಡುತ್ತಾರೆ. ಇಷ್ಟು ಎಲ್ಲ ಊರಿನಲ್ಲೂ ಇದ್ದದ್ದೇ ಇರಬೇಕು. ನಮ್ಮಲ್ಲಿ ಅದಕ್ಕಿಂತ ಆಚೆಗೂ ಒಂದಿದೆ. ದಣಿದು ದಣಿದು ತನ್ನ ಮೈಯ ರೀತಿಯೆಲ್ಲ ಖರ್ಚಾದ ಮೇಲೆ, ಅದೇ ಜಾಗದಲ್ಲಿ ಹಿಂದೆ ಎತ್ತುತ್ತಿದ್ದ ಯಾರದೋ ರೀತಿ ಎತ್ತುವವನಿಗೆ ಬಂದುಬಿಡುತ್ತದೆ. ಇದಕ್ಕೆ ಮೈ ತಿರುಗುವುದು ಎನ್ನುತ್ತೇವೆ. ಮುಖ ಅವನದೇ, ಮಾತಾಡಿಸಿದರೆ ಮಾತೂ ಅವನದೇ. ಬಗ್ಗುವುದು, ಎತ್ತುವುದು, ನಡುವೆ ಬೆವರು ಒರೆಸಿಕೊಳ್ಳುವುದು ಮಾತ್ರ ಬೇರೆಯವರದು.

ಇದು ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಂಡಿಲ್ಲ. ಊಟದ ಹೊತ್ತು ಮೀರಿದ ಮೇಲೆ ದಂಡೆಯ ಹುಣಸೆಮರಗಳ ನೆರಳಿಗೆ ಜನ ಬಂದು ಕೂರುತ್ತಾರೆ, ತಮ್ಮ ತಮ್ಮವರನ್ನು ನೋಡಲಿಕ್ಕೆ. ಸತ್ತವರೇ ಬರಬೇಕೆಂದಿಲ್ಲ, ಊರು ಬಿಟ್ಟವರೂ ಬರುತ್ತಾರೆ, ವಯಸ್ಸಾಗಿ ಮನೆಯಲ್ಲಿ ಕೂತವರೂ ಬರುತ್ತಾರೆ. ಬಸಲಿಂಗಜ್ಜ ಎಂಬ ಮುದುಕ ಒಮ್ಮೆ ತನ್ನದೇ ಹರೆಯದ ಎತ್ತುವಿಕೆಯನ್ನು ಇನ್ನೊಬ್ಬನ ಮೈಯಲ್ಲಿ ನೋಡಿ, ಮದುಮಗನ ಹಾಗೆ ನಾಚಿಕೊಂಡು ಎದ್ದು ಹೋದ. ಒಬ್ಬ ಹೆಂಗಸು ತನ್ನ ಗಂಡ ಮೈ ತಿರುಗಿ ಬಂದಾಗಲೂ ಚೀಲಕ್ಕೆ ಒರಗಿಕೊಂಡು ನಿಲ್ಲುವುದನ್ನು ಕಂಡು, "ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲ ಅಂತಾರಲ್ಲ, ನಾನ ಸುಟ್ಟ ಬಂದೇನಿ, ಆದರೂ ಹೋಗಿಲ್ಲ ನೋಡ್ರಿ" ಎಂದು ಇಡೀ ದಂಡೆಯನ್ನು ನಗಿಸಿದ್ದಳು.

ನೋಡುವವರಿಗೆ ಒಂದು ಕಟ್ಟಳೆ ಇದೆ. ಮೈ ತಿರುಗಿ ಬಂದವರು ಯಾರ ಕಡೆಯವರೋ ಅವರೇ ಮಜ್ಜಿಗೆ ತಂದಿರಬೇಕು. ನೋಡಿ ಸಾಕಾದ ಮೇಲೆ ಎದ್ದು ಹೋಗಿ ಎತ್ತುವವನ ಕೈಗೆ ಕೊಡಬೇಕು. ಅವನು ಕುಡಿದು, ಕಾಲು ಚಾಚಿ ಸ್ವಲ್ಪ ಹೊತ್ತು ಕೂರುತ್ತಾನೆ, ಅವನ ಮೈ ಅವನಿಗೆ ವಾಪಸು ಬರುತ್ತದೆ. ಕೇಳಿ ಕುಡಿಯುವುದು ಮರ್ಯಾದೆಯಲ್ಲ. ಕಡೆಯವರು ಇದ್ದಾಗ ಮೇಸ್ತ್ರಿಯೂ ನಡುವೆ ಬಾಯಿ ಹಾಕುವಂತಿಲ್ಲ. ಹಾಗಾಗಿ ನಮ್ಮೂರಿನ ಜನರನ್ನು ಅಳೆಯುವುದು ಬಲು ಸುಲಭ, ಯಾರು ಎಷ್ಟು ಬೇಗ ಮಜ್ಜಿಗೆ ಕೊಟ್ಟು ಏಳುತ್ತಾರೆ ಎಂದು ನೋಡಿದರಾಯಿತು. ನನ್ನನ್ನು ಅಳೆದವರು ಏನೆಂದರೋ, ನನ್ನ ಮುಂದೆ ಯಾರೂ ಹೇಳಿಲ್ಲ.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯಲ್ಲಿ ಮೊದಲರ್ಧ ನನಗೆ ಚೆನ್ನಾಗಿ ಗೊತ್ತು. ನನ್ನ ಉಗುರು ಸಂದಿಯಲ್ಲೆಲ್ಲ ಅದೇ ಇದೆ. ಉಳಿದರ್ಧ ಕೇಳಿ ಗೊತ್ತು. ನನ್ನನ್ನು ಹೆತ್ತ ದಿನವೇ ನನ್ನವ್ವ ಬಾಳವ್ವ ತೀರಿಕೊಂಡಳು. ಅಪ್ಪ ಅದೇ ವರ್ಷ ದೋಣಿಯವರ ಜೊತೆ ಹೋದವನು ತಿರುಗಿ ನೋಡಲಿಲ್ಲ. ಸಾಲಿನಲ್ಲಿ ಅವ್ವನ ಪಕ್ಕದಲ್ಲಿ ಎತ್ತುತ್ತಿದ್ದ ಫಕೀರವ್ವ ನನ್ನನ್ನು ತನ್ನ ಮನೆಗೆ ಎತ್ತಿಕೊಂಡು ಹೋದಳು. ಆ ಮೇಲೆ ಅವಳು ಚೀಲ ಮುಟ್ಟಲಿಲ್ಲ, ಕಟ್ಟೆಯ ಕಡೆ ಕಾಲಿಡಲೂ ಇಲ್ಲ. ಅವರಿವರ ಮನೆಯ ಕಾಳು ಹಸನು ಮಾಡಿಕೊಟ್ಟು ನನ್ನನ್ನು ಬೆಳೆಸಿದಳು. ಅವ್ವನದು ಒಂದು ಫೋಟೋ ಕೂಡ ಇಲ್ಲ. ಅವ್ವ ಹೇಗಿದ್ದಳು ಎಂದು ಕೇಳಿದರೆ ಫಕೀರವ್ವನದು ಯಾವತ್ತೂ ಒಂದೇ ಮಾತು. "ಸಾಲಿನಾಗ ಅಕಿಯಷ್ಟು ನೆಟ್ಟಗ ಎತ್ತಾಕಿ ಇನ್ನೊಬ್ಬಾಕಿ ಇರಲಿಲ್ಲವಾ. ಗ್ವಾಡಿಗೆ ಗೆರಿ ಹೊಡದಂಗ ಏಳತಿದ್ಲು." ಅದರ ಮೇಲೆ ಇನ್ನೊಂದು ಮಾತು ಕೇಳಿದರೆ ಎದ್ದು ಒಲೆಯ ಹತ್ತಿರ ಹೋಗಿಬಿಡುತ್ತಿದ್ದಳು.

ನಾನು ದಬ್ಬಣ ಕಲಿತದ್ದೇ ಗೋಡೆಗೆ ಎಳೆದಂಥ ಆ ಗೆರೆಯನ್ನು ಒಮ್ಮೆ ಕಣ್ಣಿನಿಂದ ನೋಡಬೇಕೆಂಬ ಆಸೆಗೆ. ಅವ್ವ ನಿಲ್ಲುತ್ತಿದ್ದ ಜಾಗ ಕಟ್ಟೆಯ ಬಿರುಕುಬಿಟ್ಟ ಕಲ್ಲಿನ ಮುಂದೆ. ಅಲ್ಲಿ ಯಾರಿಗಾದರೂ ಮೈ ತಿರುಗಿದರೆ ಅವಳು ಬರಬೇಕು. ಆದರೆ ನನ್ನ ಹಣೆಬರಹಕ್ಕೆ ಆ ಜಾಗ ಸೋಮಲಿಂಗ ಎಂಬವನ ಪಾಲಾಗಿತ್ತು. ಒಂದು ಚೀಲ ಎತ್ತಿದರೆ ಎರಡು ಬೀಡಿ ಸೇದುವ ಆಸಾಮಿ. ದಣಿದರಲ್ಲವೇ ಮೈ ತಿರುಗುವುದು? ನಾನು ಮದುವೆಯಾಗಿ, ಆ ಮದುವೆ ಮುರಿದು, ತಲೆಯಲ್ಲಿ ಬೆಳ್ಳಿಕೂದಲು ಕಾಣಿಸುವವರೆಗೂ ಅವನು ಆ ಕಲ್ಲಿನ ಮುಂದೆ ದಣಿಯದೆ ನಿಂತಿದ್ದ. ಕಡೆಗೆ ಮಲಗಿದಲ್ಲೇ ಆರಾಮಾಗಿ ಸತ್ತ. ಎಲ್ಲರೂ ಅತ್ತರು. ನಾನು ಮಾತ್ರ ಆ ಜಾಗಕ್ಕೆ ಯಾರನ್ನು ಹಾಕುತ್ತೀ ಎಂದು ಗದಿಗೆಪ್ಪನನ್ನು ಮಣ್ಣು ಮಾಡಿ ಬರುವ ದಾರಿಯಲ್ಲೇ ಕೇಳಿದೆ.

ಹಾಕಿದ್ದು ಯಮನೂರಪ್ಪನನ್ನು. ಹೊಳೆಯ ಮೇಲ್ದಂಡೆಯ ಯಾವುದೋ ಊರಿನಿಂದ ಹೆಂಡತಿ ಲಗಮವ್ವನನ್ನು ಕಟ್ಟಿಕೊಂಡು ಕೆಲಸ ಹುಡುಕುತ್ತ ಬಂದಿದ್ದ. ಹೊಸಬ, ಮೇಸ್ತ್ರಿಯ ಕಣ್ಣಿಗೆ ಬೀಳಬೇಕೆಂಬ ಹುರುಪು, ಮೇಲಾಗಿ ದೋಣಿಗಳು ಸಾಲುಗಟ್ಟಿ ಬರುವ ಸುಗ್ಗಿ. ಎಲ್ಲರೂ ಒಂದು ಎತ್ತುವಲ್ಲಿ ಒಂದೂವರೆ ಎತ್ತುತ್ತಿದ್ದ. ನಾನು ದಬ್ಬಣಕ್ಕೆ ದಾರ ಪೋಣಿಸುತ್ತಿದ್ದೆ. ಗದಿಗೆಪ್ಪ "ಏ ಬಾಳವ್ವಾ" ಎಂದು ಕೂಗಿದ್ದು ಕೇಳಿಸಿತು. ಕೂಗಿದವನೇ ಬೆಪ್ಪಾಗಿ ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಅವನೂ ಹರೆಯದಲ್ಲಿ ಒಂದೆರಡು ಸುಗ್ಗಿ ಅವ್ವನ ಜೊತೆ ಎತ್ತಿದವನು. ನಾನು ತಲೆಯೆತ್ತಿ ನೋಡಿದರೆ ಆ ಮೀಸೆಯವನು ಸೆರಗು ಸಿಕ್ಕಿಸಿಕೊಳ್ಳುತ್ತಿದ್ದ.

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಇಷ್ಟು ವರ್ಷ ಕಾಯಿಸಿ, ಬರುವುದಕ್ಕೆ ಇವನೇ ಬೇಕಾಗಿತ್ತೇ ಅನ್ನಿಸಿತು. ಆದರೆ ಸಿಟ್ಟು ಎಷ್ಟು ಹೊತ್ತು ನಿಂತೀತು? ಅವ್ವ ಎಡಚಿ. ನಾನೂ ಎಡಚಿ, ಇದು ಎಲ್ಲಿಂದ ಬಂತೆಂದು ಯಾರೂ ನನಗೆ ಹೇಳಿರಲಿಲ್ಲ. ಅಂಗೈಯೆಲ್ಲ ಉಪ್ಪಾದ್ದರಿಂದ ಹಣೆಯ ಮೇಲೆ ಬಿದ್ದ ಕೂದಲನ್ನು ಮಣಿಕಟ್ಟಿನಿಂದ ಹಿಂದಕ್ಕೆ ತಳ್ಳುತ್ತಿದ್ದಳು. ಯಮನೂರಪ್ಪನ ತಲೆ ಬೋಳು, ಆದರೂ ಆ ಕೂದಲು ನನಗೆ ಕಾಣಿಸಿತು. ಚೀಲವನ್ನು ಬೆರಳಿನಿಂದ ಒದೆಯುವಾಗ ಒಂದು ತುಂಟತನವಿತ್ತು, ಮಲಗಿದ ಮಗುವನ್ನು ಎಬ್ಬಿಸುವ ಹಾಗೆ. ತೀರಿಹೋದಾಗ ಅವಳಿಗಿದ್ದ ವಯಸ್ಸನ್ನು ನಾನು ಎಂದೋ ದಾಟಿದ್ದೇನೆ. ನನಗಿಂತ ಚಿಕ್ಕ ಹುಡುಗಿಯೊಬ್ಬಳು ನನ್ನ ತಾಯಿಯಾಗಿ ಅಲ್ಲಿ ನಿಂತಿದ್ದಳು. ಎದ್ದು ಹೋಗಿ ಅವಳ ಬೆವರು ಒರೆಸಬೇಕು ಅನ್ನಿಸಿತು.

ಮಾರನೆಯ ದಿನದಿಂದ ಹುಣಸೆಮರದ ಕೆಳಗೆ ನಾನೂ ಮಜ್ಜಿಗೆಯ ತಂಬಿಗೆ ಹಿಡಿದು ಕೂತೆ. ಆದರೆ ಒಂದು ಮಾತು ನನ್ನನ್ನು ಒಳಗೊಳಗೇ ಕೊರೆಯತೊಡಗಿತು. ಅವ್ವ ನೆಟ್ಟಗೆ ಎತ್ತುತ್ತಿರಲಿಲ್ಲ. ಚೀಲವನ್ನು ಎದೆಗೆ ತರುತ್ತಲೇ ಇರಲಿಲ್ಲ. ಬಗ್ಗಿ, ಸೊಂಟವನ್ನು ಹಿಂಡಿದಂತೆ ತಿರುಚಿ, ಚೀಲವನ್ನು ಪಕ್ಕಕ್ಕೆ, ಮೈಯಿಂದ ಮೊಳ ದೂರದಲ್ಲಿ ತೂಗಿಕೊಂಡು, ಹಲ್ಲು ಕಚ್ಚಿ ಕಟ್ಟೆಗೆ ಎಸೆಯುತ್ತಿದ್ದಳು. ದಣಿದವರು ಯಾರೇ ಆದರೂ ಇಷ್ಟು ಸೊಟ್ಟ ಎತ್ತುವುದನ್ನು ನಾನು ನೋಡಿರಲಿಲ್ಲ. ನನ್ನ ಪಕ್ಕ ಕೂತವರು ಪಿಸುಗುಟ್ಟಿದರು. ಗದಿಗೆಪ್ಪನೂ ಗೊಂದಲಕ್ಕೆ ಬಿದ್ದ. "ಸೆರಗ ಸಿಗಸೂದು ಅಕೀದ, ಒದಿ ಅಕೀದ. ಎತ್ತೂದು ಮಾತ್ರ ಯಾರದೋ ಏನೋ. ಬಾಳವ್ವ ಹಿಂಗ ಎತ್ತಿದ್ದು ನಾ ಅಂತೂ ಕಾಣೆ" ಎಂದ. ಎಲ್ಲಿ, ಯಾವಾಗ, ಹೇಗೆ ಎಂದು ನಾನು ಮೇಲಿಂದ ಮೇಲೆ ಕೇಳಿದ್ದಕ್ಕೆ, "ಮಜ್ಜಿಗಿಗೆ ಬಂದಾಕಿಗೆ ಎಮ್ಮಿ ಕ್ರಯ ಯಾಕ ಬೇಕವಾ, ಬಂದಾಳಲ್ಲ, ನೋಡು" ಎಂದು ಸಿಡುಕಿದ.

ನನಗೆ ಎಮ್ಮೆಯ ಕ್ರಯವೇ ಬೇಕಾಗಿತ್ತು. ಆ ನೆಟ್ಟನೆಯ ಗೆರೆ ಒಮ್ಮೆ ಕಂಡರೆ ಇವಳೇ ನನ್ನವ್ವ ಎಂದು ಯಾರ ಮುಂದೆಯಾದರೂ ಹೇಳಬಹುದಿತ್ತು. ಅದಕ್ಕೇ ಮಜ್ಜಿಗೆ ಕೊಡಲು ನನಗೆ ಕೈ ಬರುತ್ತಿರಲಿಲ್ಲ. ಇನ್ನೊಂದು ಚೀಲ ಎತ್ತಲಿ, ಈ ಸಲ ನೆಟ್ಟಗೆ ಎದ್ದಾಳು ಎಂದುಕೊಳ್ಳುತ್ತಿದ್ದೆ. ಏಳುತ್ತಿರಲಿಲ್ಲ. ಇನ್ನೊಂದು ಎನ್ನುತ್ತಿದ್ದೆ. ಬೇರೆಯವರು ಕಣ್ಣೊರೆಸಿಕೊಂಡು ಮಜ್ಜಿಗೆ ಕೊಟ್ಟು ಮನೆಗೆ ಹೋದ ಮೇಲೂ ನಾನು ತಂಬಿಗೆ ಅವಚಿಕೊಂಡು ಕೂತೇ ಇರುತ್ತಿದ್ದೆ. ಹುಣಸೆಯ ನೆರಳು ಹೊಳೆಯವರೆಗೆ ಚಾಚಿ, ಮಜ್ಜಿಗೆ ಹುಳಿ ವಾಸನೆ ಬಂದ ಮೇಲೆ ಕೊಡುತ್ತಿದ್ದೆ. ಯಮನೂರಪ್ಪ ಪಾಪ, ಗಟಗಟ ಕುಡಿದು, ಕಟ್ಟೆಗೆ ಬೆನ್ನು ಕೊಟ್ಟು ಕುಸಿಯುತ್ತಿದ್ದ.

ಲಗಮವ್ವ ಮಾತ್ರ ಸುಮ್ಮನಿರುವ ಹೆಂಗಸಲ್ಲ. ಒಂದು ಬೆಳಿಗ್ಗೆ ನಾನು ಛಾವಣಿಯ ಕೆಳಗೆ ಚೀಲ ಹರವುತ್ತಿದ್ದಾಗ ಎದುರಿಗೆ ಬಂದು ನಿಂತಳು. ಕೃಶ ಶರೀರ, ಚೂಪು ಗದ್ದ, ಸೆರಗು ಸೊಂಟಕ್ಕೆ ಬಿಗಿದಿದ್ದಳು, ಜಗಳಕ್ಕೆ ತಯಾರಾಗಿ ಬಂದವರ ಹಾಗೆ.

"ನಿಮ್ಮವ್ವ ಸತ್ತು ಎಷ್ಟ ವರ್ಷಾತು?" ಎಂದಳು.

"ನನ್ನ ವಯಸ್ಸಿನಷ್ಟು" ಎಂದೆ.

"ನನ್ನ ಗಂಡ ಇನ್ನೂ ಬದಕ್ಯಾನ. ಆದರ ಮುಂಜಾನೆದ್ದು ಬಗ್ಗಿ ಮುಖಾ ತೊಳಕೊಳ್ಳಾಕ ಬರಾಕಹತ್ತಿಲ್ಲ ಅವಗ. ನಾ ನೀರು ಹಾಕತೇನಿ, ಅಂವ ಗ್ವಾಡಿ ಹಿಡಕೊಂಡು ನಿಂತಿರತಾನ. ಬಲಮಗ್ಗಲಾ ಅನ್ನೂದು ಕಲ್ಲ ಆಗೇತಿ. ನಿಮ್ಮವ್ವ ಎತ್ತಿದಂಗ ಇನ್ನೊಂದು ತಿಂಗಳು ಎತ್ತಿದರ ನಾ ಅವನ್ನ ಬೆನ್ನ ಮ್ಯಾಲೆ ಹೊತಗೊಂಡು ಊರಿಗೆ ಹೋಗಬೇಕಾಗತೈತಿ."

ನಾನು ಚೀಲ ಹರವುವುದನ್ನು ಬಿಟ್ಟು ಎದ್ದು ನಿಂತೆ. ಅವಳು ದನಿ ತಗ್ಗಿಸಿದಳು. "ನೋಡಬ್ಯಾಡ ಅನ್ನೂದಿಲ್ಲವಾ ನಾ. ನನಗೂ ಅವ್ವ ಇದ್ಲು. ಮೈ ತಿರಗಿದ ಕೂಡಲೆ ಒಂದು ಕ್ಷಣ ನೋಡು, ಮಜ್ಜಿಗಿ ಕೊಟ್ಟಬಿಡು. ಇಷ್ಟ ಕೇಳತೇನಿ."

ಅವಳು ಕೇಳಿದ್ದು ನ್ಯಾಯ. ನನಗೇ ಅದು ಕಾಣುತ್ತಿತ್ತು. ಬೆಳಿಗ್ಗೆಯ ಮೊದಲ ಚೀಲಕ್ಕೇ ಯಮನೂರಪ್ಪನ ಮೊಣಕಾಲು ಮಡಿಯುವುದನ್ನು ಬಿಟ್ಟಿತ್ತು. ಬಗ್ಗುವ ಮೊದಲು ಎರಡು ಸಲ ಉಸಿರು ತೆಗೆದುಕೊಳ್ಳುತ್ತಿದ್ದ. ಅಂದು ಮಧ್ಯಾಹ್ನ ಅವನು ಬುತ್ತಿ ಬಿಚ್ಚಿದಾಗ ನಾನೇ ಹೋಗಿ ಪಕ್ಕದಲ್ಲಿ ಕೂತೆ. ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚುತ್ತಿದ್ದವನು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ.

"ಆಕಿದ ಮಾತು ಮನಸಿಗೆ ಹಚಗೋಬ್ಯಾಡ್ರಿ. ಬಾಯಿ ಸ್ವಲ್ಪ ಖಾರ" ಎಂದ. ಈ ದೊಡ್ಡ ಮೈಗೆ ಇಷ್ಟು ಮೆದು ದನಿ ಹೇಗೆ ಬಂತೋ ಏನೋ.

"ಖಾರ ಇದ್ದದ್ದ ಬರೋಬರಿ" ಎಂದೆ. "ನನಗ ಒಂದು ಹೇಳು. ಮೈ ತಿರಗಿದಾಗ ನಿನಗ ಏನ ಅನಸತೈತಿ? ಅಕಿ ಯಾಕ ಹಂಗ ಸೊಟ್ಟ ಎತ್ತತಾಳ?"

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಯೋಚಿಸಿದ. "ನನಗ ಸೊಟ್ಟ ಅಂತ ಗೊತ್ತಾಗೂದಿಲ್ಲವಾ. ಅವಾಗ ನೋವೂ ಇರೂದಿಲ್ಲ, ಎಲ್ಲಾ ಸಂಜೀಕ ಬರತೈತಿ. ಒಂದ ಅನಸತೈತಿ. ನನ್ನ ಮುಂದ ಏನೋ ಐತಿ, ಅದಕ ಚೀಲ ತಾಗಬಾರದು ಅಂತ. ಏನೈತಿ ಅಂತ ಕೇಳಬ್ಯಾಡ್ರಿ. ನಾ ನೋಡಿದರ ಏನೂ ಇರೂದಿಲ್ಲ."

ಅಂದು ಅವನ ಮೈ ತಿರುಗಿದ ಮೇಲೆ ಬೇಗ ಮಜ್ಜಿಗೆ ಕೊಡಬೇಕೆಂದೇ ಕೂತಿದ್ದೆ. ಆದರೂ ತಡವಾಯಿತು. ಮನಸ್ಸು ಒಪ್ಪಿದ್ದನ್ನು ಕಾಲು ಒಪ್ಪಲಿಲ್ಲ. ಲಗಮವ್ವ ದೂರದಲ್ಲಿ ನಿಂತು ನೋಡುತ್ತಿದ್ದಳು.

ಮನೆಗೆ ಬಂದಾಗ ಫಕೀರವ್ವ ಬಾಗಿಲಲ್ಲಿ ಮೊರ ಹಿಡಿದು ಜೋಳ ಕೇರುತ್ತಿದ್ದಳು. ಅವ್ವ ಬಂದ ಸುದ್ದಿಯನ್ನು ನಾನು ಅವಳಿಗೆ ಮೊದಲ ದಿನವೇ ಹೇಳಿದ್ದೆ. ಕೇಳಿ "ಹೂಂ" ಎಂದವಳು ನೋಡಲು ಬರುತ್ತೇನೆ ಎಂದಿರಲಿಲ್ಲ. ಆ ಸಂಜೆ ನನಗೆ ಅವಳ ಮೇಲೂ ರೇಗಿತು. "ಗೆರಿ ಹೊಡದಂಗ ಏಳತಿದ್ಲು ಅಂತ ಸುಳ್ಳ ಯಾಕ ಹೇಳಿದಿ?" ಎಂದು ಕೇಳಿ, ಮೂಲೆಯಲ್ಲಿದ್ದ ತುಂಬಿದ ಕೊಡವನ್ನು ಅಂಗಳಕ್ಕೆ ತಂದಿಟ್ಟೆ. "ನೋಡ, ಹಿಂಗ ಎತ್ತತಾಳ ಅಕಿ" ಎಂದು, ಎಡಗೈಯಿಂದ ಸೆರಗು ಸಿಕ್ಕಿಸಿ, ಬಗ್ಗಿ, ಸೊಂಟ ತಿರುಚಿ, ಕೊಡವನ್ನು ಮೈಯಿಂದ ದೂರ ಪಕ್ಕಕ್ಕೆ ತೂಗಿ ಎತ್ತಿದೆ. ನೀರು ತುಳುಕಿ ಕಾಲ ಮೇಲೆ ಬಿತ್ತು. ಒಂದೇ ಕೊಡಕ್ಕೆ ಸೊಂಟದಲ್ಲಿ ಚಳುಕು ಎದ್ದಿತು.

ಫಕೀರವ್ವನ ಕೈಯ ಮೊರ ನಿಂತುಹೋಗಿತ್ತು. "ಇಳಸ್ ಅದನ್ನ" ಎಂದಳು. "ಇಳಸ್ ಅಂದೆ."

ಇಳಿಸಿದೆ. ಅವಳು ಜೋಳದಲ್ಲಿ ಬೆರಳಾಡಿಸಿದಳು.

"ಸುಳ್ಳ ಹೇಳಿಲ್ಲ ನಾ. ಅಕಿ ಎತ್ತತಿದ್ದದ್ದ ಹಂಗ, ನೆಟ್ಟಗ. ಹಿಂಗ ಎತ್ತಿದ್ದು ಕಡೀಕ, ನೀ ಹೊಟ್ಟ್ಯಾಗ ಬೆಳದ ಮ್ಯಾಲೆ. ಎದಿಗೆ ಅವಚಿದರ ನಿನಗ ತಾಗತೈತಿ ಅಂತ, ಚೀಲಾ ಮಗ್ಗಲಕ್ಕ ಹಿಡದ ಎತ್ತತಿದ್ಲು. ನಾ ಬೈತಿದ್ದೆ, ಬಾಳಿ, ಸೊಂಟಾ ಮುರಕೋತಿ ಅಂತ. ಮುರದರ ನಂದ ಮುರೀತೈತಿ, ಇದಕೇನ ಆಗೂದಿಲ್ಲಲ್ಲ ಅಂತಿದ್ಲು. ನಗತಿದ್ಲು ಮ್ಯಾಲೆ."

ನಾನು ಒದ್ದೆ ಅಂಗಳದಲ್ಲಿ ಕೂತುಬಿಟ್ಟೆ. "ಮನ್ಯಾಗ ಕೂಡಬೇಕಾಗಿತ್ತಲ್ಲ" ಎಂದೆ.

"ಯಾರ ಕೂಡಸ್ತಾರ? ದೋಣಿ ಸುಗ್ಗಿ. ಜಾಗಾ ಬಿಟ್ಟರ ಜಾಗಾ ಹೋತು."

"ಒಬ್ಬರರೆ ಅಕಿ ಕೈಯಾಗಿಂದ ಚೀಲಾ ಇಸಕೊಳ್ಳಲಿಲ್ಲೇನು?"

"ಎಲ್ಲಾರ ಕೈಯಾಗೂ ಒಂದೊಂದು ಚೀಲಾ ಇತ್ತವಾ" ಎಂದಳು ಫಕೀರವ್ವ. "ನನ್ನ ಕೈಯಾಗೂ ಇತ್ತು. ಪಕ್ಕದಾಗ ಇದ್ದೆ ನಾ. ಕೈ ಚಾಚಿದರ ಸಿಗತಿದ್ಲು." ಅಷ್ಟು ಹೇಳಿ ಮೊರವನ್ನು ಮತ್ತೆ ಕೈಗೆತ್ತಿಕೊಂಡಳು. ಜೋಳ ಹಸನಾಗಿತ್ತು, ಆದರೂ ಕೇರುತ್ತಲೇ ಇದ್ದಳು.

ಮಾರನೆಯ ದಿನ ನಾನು ಗಟ್ಟಿ ಮೊಸರಿನ ಮಜ್ಜಿಗೆ ಮಾಡಿಕೊಂಡು, ಎಲ್ಲರಿಗಿಂತ ಮೊದಲೇ ಹೋಗಿ ಹುಣಸೆಯ ಕೆಳಗೆ ಕೂತೆ. ಇನ್ನು ಗೆರೆ ನೋಡುವ ಆಸೆ ಇರಲಿಲ್ಲ. ಆ ಸೊಟ್ಟವೇ ನಾನು ಎಂದು ಗೊತ್ತಾದ ಮೇಲೆ ನೆಟ್ಟಗಿನದನ್ನು ಕಟ್ಟಿಕೊಂಡು ಏನಾಗಬೇಕು? ಅವಳು ಬಂದ ಕೂಡಲೇ ಕೊಟ್ಟುಬಿಡುವುದು, ದಿನಾ ಕೊಟ್ಟುಬಿಡುವುದು ಎಂದು ಲಗಮವ್ವನಿಗೆ ಹೇಳಿಯೂ ಆಗಿತ್ತು. ಅವಳು ನಂಬಿದಳೋ ಇಲ್ಲವೋ, ಬಂದು ನನ್ನ ಪಕ್ಕದಲ್ಲೇ ಕೂತಳು. ಹೊಳೆಯಲ್ಲಿ ನಾಲ್ಕಾರು ದೋಣಿ ಕಾದು ನಿಂತಿದ್ದವು. ಸಾಲಿನಲ್ಲಿ ಒಬ್ಬೊಬ್ಬರದೇ ಮೊಣಕಾಲು ಬಿಗಿಯುತ್ತ ಬಂತು, ಬೆನ್ನು ಬಾಗುತ್ತ ಬಂತು. ಬಿರುಕುಗಲ್ಲಿನ ಮುಂದೆ ಯಮನೂರಪ್ಪ ಮಣಿಕಟ್ಟಿನಿಂದ ಹಣೆ ಒರೆಸಿಕೊಂಡ. ಅವ್ವ ಬಂದಳು.

ನಾನು ತಂಬಿಗೆ ಹಿಡಿದು ಎದ್ದೆ. ಲಗಮವ್ವ ಉಸಿರು ಬಿಟ್ಟದ್ದು ಕೇಳಿಸಿತು. ಅಷ್ಟರಲ್ಲಿ ಅವ್ವ ಬಗ್ಗಿ ಚೀಲಕ್ಕೆ ಕೈ ಹಾಕಿದಳು, ಸ್ವಲ್ಪ ತಡೆದಳು, ಹೊಟ್ಟೆಯೊಳಗಿನ ನನ್ನನ್ನು ಕಾಪಾಡಿಕೊಂಡು ಸೊಂಟ ತಿರುಚಿದಳು. ನನ್ನ ಕೈಯ ಮಜ್ಜಿಗೆ ಯಮನೂರಪ್ಪನ ಹೊಟ್ಟೆಗೆ ಹೋಗುತ್ತದೆ, ಸರಿ. ಅವಳಿಗೇನು ಸಿಕ್ಕಿತು? ನಾಳೆಯೂ ಬರುತ್ತಾಳೆ, ಹೀಗೇ ತಿರುಚಿಕೊಳ್ಳುತ್ತಾಳೆ, ನಾಡಿದ್ದೂ ಬರುತ್ತಾಳೆ. ನೋಡುವವರು ನಾವು ನೋಡುತ್ತಲೇ ಇದ್ದೇವೆ. ತಂಬಿಗೆಯನ್ನು ಲಗಮವ್ವನ ಮಡಿಲಿಗೆ ಹಾಕಿ ನಾನು ಸಾಲಿನೊಳಗೆ ನಡೆದೆ. "ಏ, ಒಳಗ ಬರಬಾರದು, ಮೈ ತಿರಗಿದವರನ್ನ ಮುಟ್ಟಬಾರದು" ಎಂದು ಗದಿಗೆಪ್ಪ ಕೂಗಿದ. ನಾನು ಬಿರುಕುಗಲ್ಲಿನ ಮುಂದೆ ಹೋಗಿ, ಅರ್ಧ ಎತ್ತಿದ ಆ ಚೀಲದ ಅಡಿಗೆ ಎರಡೂ ಕೈ ಕೊಟ್ಟು, ಎಳೆದು ನನ್ನ ಎದೆಗೆ ಅವಚಿಕೊಂಡೆ.

ಹುಟ್ಟಿದಾಗಿನಿಂದ ಉಪ್ಪಿನ ಚೀಲ ನೋಡಿದವಳು ನಾನು, ಎತ್ತಿದ್ದು ಅದೇ ಮೊದಲು. ಭಾರಕ್ಕೆ ಎರಡು ಹೆಜ್ಜೆ ಹಿಂದೆ ಹೋದೆ. ಎದುರಿಗೆ ಯಮನೂರಪ್ಪನ ಕೈಗಳು ಖಾಲಿಯಾಗಿ ಗಾಳಿಯಲ್ಲಿ ನಿಂತವು. ಅವನ ಮೈಯೊಳಗಿನವಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಅವಳ ಕೈಯಿಂದ ಯಾರೂ ಯಾವತ್ತೂ ಇಸಿದುಕೊಂಡಿರಲಿಲ್ಲವಲ್ಲ. ಮೆಲ್ಲಗೆ ತಿರುಚಿದ ಸೊಂಟ ಸಡಿಲಾಯಿತು. ಪಾದ ಅಗಲವಾದವು. ಎರಡೂ ಅಂಗೈ ಹಿಂದಕ್ಕೆ ಹೋಗಿ ಸೊಂಟದ ಮೇಲೆ ಕೂತವು. ಆಮೇಲೆ ಅವಳು ಹೊಟ್ಟೆಯನ್ನು ಮುಂದೆ ಮಾಡಿ, ಭುಜವನ್ನು ಹಿಂದಕ್ಕೆ ಬಿಟ್ಟು, ತುಂಬಿದ ಬಸುರಿಯರು ದಣಿವಾರಿಸಿಕೊಳ್ಳುತ್ತಾರಲ್ಲ, ಹಾಗೆ ನಿಂತು ದೊಡ್ಡದಾಗಿ ಉಸಿರು ಬಿಟ್ಟಳು. ಆ ಮೀಸೆ, ಆ ಬೋಳುತಲೆ, ಆ ಕೆಂಪು ವಸ್ತ್ರ ಯಾವುದೂ ನನಗೆ ಕಾಣಿಸಲಿಲ್ಲ. ಅವಳು ತನ್ನ ಮುಂದೆ ಎಷ್ಟು ಜಾಗ ಬಿಟ್ಟುಕೊಂಡಿದ್ದಳು ಎಂಬುದೊಂದೇ ಕಾಣಿಸಿತು. ಅಷ್ಟು ಜಾಗದಲ್ಲಿ ನಾನಿದ್ದೆ. ಸಾಲಿನಲ್ಲಿ ಎಲ್ಲರೂ ಎತ್ತುವುದನ್ನು ನಿಲ್ಲಿಸಿದ್ದರು.

ಎಷ್ಟು ಹೊತ್ತು ನಿಂತಳೋ ಹೇಳಲಾರೆ. ನನ್ನ ತೋಳು ನಡುಗುತ್ತಿತ್ತು, ಆದರೆ ಚೀಲ ಇಳಿಸಿದರೆ ಎಲ್ಲಿ ಮತ್ತೆ ಬಗ್ಗಿ ಎತ್ತಿಕೊಳ್ಳುತ್ತಾಳೋ ಎಂದು ಇಳಿಸಲಿಲ್ಲ. ಕಡೆಗೆ ಯಮನೂರಪ್ಪ ಕಣ್ಣು ಪಿಳುಕಿಸಿ ನನ್ನನ್ನು ನೋಡಿದ. "ಯಾಕವಾ? ಇತ್ತ ಕೊಡ್ರಿ, ಬೀಳತೀರಿ" ಎಂದು ತನ್ನದೇ ದನಿಯಲ್ಲಿ, ತನ್ನದೇ ದೊಡ್ಡ ಕೈಯಿಂದ ಚೀಲ ತೆಗೆದುಕೊಂಡು ಕಟ್ಟೆಯ ಮೇಲಿಟ್ಟ. ಲಗಮವ್ವ ಓಡಿ ಬಂದು ಅವನನ್ನು ಕೂರಿಸಿ ಮಜ್ಜಿಗೆ ಕುಡಿಸಿದಳು. ಕುಡಿಸಿ ಉಳಿದದ್ದನ್ನು ನನ್ನ ಕೈಗೆ ಕೊಟ್ಟಳು. ನಾನು ಅಲ್ಲೇ ನಿಂತು ಕುಡಿದೆ.

ಆಮೇಲೆ ಆ ಜಾಗದಲ್ಲಿ ಅವ್ವ ಬರಲಿಲ್ಲ. ನಾನು ಒಂದು ದಿನದ ನೋಟ ಬಿಟ್ಟುಕೊಡಲು ಹೋಗಿದ್ದೆ, ಎಲ್ಲವೂ ಹೋಯಿತು. ಯಮನೂರಪ್ಪ ದಣಿದರೆ ಈಗ ಬರಿಯ ದಣಿದ ಯಮನೂರಪ್ಪ. ತಾನೇ ಕೂತು, ತಾನೇ ಏಳುತ್ತಾನೆ. ಅವನ ಬಲಮಗ್ಗುಲು ಇಷ್ಟಿಷ್ಟೇ ಸಡಿಲಾಗುತ್ತಿದೆ, ಮುಖ ಬಗ್ಗಿಯೇ ತೊಳೆಯುತ್ತಾನೆ ಎಂದು ಲಗಮವ್ವ ಹೇಳುತ್ತಾಳೆ. ಅದು ಒಳ್ಳೆಯದೇ. ನನಗೂ ಸಮಾಧಾನವಾಗಿದೆ ಎಂದರೆ ಮಾತ್ರ ಸುಳ್ಳಾಗುತ್ತದೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ನನ್ನ ಕತ್ತು ತಾನೇ ಬಿರುಕುಗಲ್ಲಿನ ಕಡೆ ತಿರುಗುತ್ತದೆ. ಸೊಟ್ಟ ಎತ್ತಿದರೂ ಪರವಾಗಿಲ್ಲ, ಒಂದೇ ಒಂದು ಸಲ ಬಂದುಹೋಗು ಎಂದು ಮನಸ್ಸು ಗೋಗರೆಯುತ್ತದೆ. ಮರುಕ್ಷಣ, ಬೇಡ, ಬಂದರೆ ಮತ್ತೆ ಚೀಲ ಎತ್ತಬೇಕಾಗುತ್ತದೆ, ಅಲ್ಲೇ ಇರು ಎನ್ನುತ್ತದೆ. ಎರಡೂ ನನ್ನದೇ ಮನಸ್ಸು.

ಫಕೀರವ್ವನಿಗೆ ನಾನು ಬಹಳ ದಿನ ಏನೂ ಹೇಳಲಿಲ್ಲ. ಊರೆಲ್ಲ ಆಡಿಕೊಂಡದ್ದು ಅವಳ ಕಿವಿಗೂ ಬಿದ್ದಿರಬೇಕು, ಅವಳೂ ಕೇಳಲಿಲ್ಲ. ದೋಣಿಗಳ ಸುಗ್ಗಿ ಮುಗಿದ ಮೇಲೆ ಒಂದು ಸಂಜೆ, ನಾನು ಅಂಗಳ ಗುಡಿಸುತ್ತಿದ್ದಾಗ, ಬಾಗಿಲಲ್ಲಿ ಕೂತವಳು ನನ್ನ ಕಡೆ ನೋಡದೆ ಕೇಳಿದಳು.

"ನೀ ಇಸಕೊಂಡ ಮ್ಯಾಲೆ ಏನ ಮಾಡಿದ್ಲು?"

ಬಾಯಿಂದ ಹೇಳಲು ನನಗೆ ಆಗಲಿಲ್ಲ. ಕಸಬರಿಗೆ ಕೆಳಗಿಟ್ಟೆ. ಪಾದ ಅಗಲಿಸಿ, ಎರಡೂ ಅಂಗೈಯನ್ನು ಸೊಂಟದ ಹಿಂದೆ ಇಟ್ಟು, ಯಾವ ಕೂಸನ್ನೂ ಕಾಣದ ನನ್ನ ಈ ಹೊಟ್ಟೆಯನ್ನು ಮುಂದೆ ಮಾಡಿ, ಭುಜ ಹಿಂದಕ್ಕೆ ಬಿಟ್ಟು ನಿಂತೆ. ಫಕೀರವ್ವ ತಲೆಯೆತ್ತಿ ನೋಡಿದಳು.

"ಹೌದ" ಎಂದಳು. "ಅಕೀನ."

ನಾನು ಕೈ ತೆಗೆಯದೆ ಹಾಗೆಯೇ ನಿಂತಿದ್ದೆ.